ಕೋಳಿಗೆ ಗಾಯವಾದರೆ ಮನೆಯಲ್ಲಿ ಏನು ಮಾಡಬೇಕು?

ಹೋದ ಆಷಾಢದಲ್ಲಿ ಮೂಡಿಗೆರೆಯ ನಮ್ಮ ಮನೆ ಹಿಂದೆ, ಕಾಫಿ ಗಿಡಗಳ ಸಂದಿಯಿಂದ ಮುಂಗುಸಿ ಬಂದು ಹ್ಯಾಟೆ (ಹೆಣ್ಣು ಕೋಳಿ) ಒಂದರ ಬೆನ್ನಿಗೆ ಬಾಯಿ ಹಾಕಿತು. ಕೂಗಿ ಬಿಡಿಸಿದೆವು. ಆಮೇಲೆ ಅದು ಬಚ್ಚಲೊಲೆ ಪಕ್ಕ ಹೋಗಿ ಸುಮ್ನೆ ನಿಂತುಬಿಟ್ಟಿತು. ಕಣ್ಣು ಅರೆ ಮುಚ್ಚಿತ್ತು, ಒಂದು ರೆಕ್ಕೆ ಜೋತಿತ್ತು. ‘ಏನೂ ಆಗಿಲ್ಲ ಬಿಡಿ, ಕೂಗ್ತಾ ಇಲ್ವಲ್ಲ’ ಅಂದರು ಮನೆಯವರು. ಪುಕ್ಕ ಸರಿಸಿ ನೋಡಿದರೆ ಎರಡು ಹಲ್ಲಿನ ತೂತು. ಮುಟ್ಟಿದರೂ ಅದು ಸದ್ದು ಮಾಡಲಿಲ್ಲ.

ನೋವು ಇರಲಿಲ್ಲ ಅಂತಲ್ಲ. ಬೇಟೆಗೆ ಸಿಗುವ ಜೀವಗಳು ನೋವನ್ನು ಮುಚ್ಚಿಡುತ್ತವೆ. 2000ದಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಬ್ರಾಯ್ಲರ್ ಕೋಳಿಗಳ ಮುಂದೆ ಎರಡು ಬಗೆಯ ಆಹಾರ ಇಟ್ಟರು. ಒಂದರಲ್ಲಿ ನೋವಿನ ಔಷಧಿ ಬೆರೆಸಿತ್ತು. ಕುಂಟುವ ಕೋಳಿಗಳು ಅದನ್ನು ಆರಿಸಿಕೊಂಡು ಜಾಸ್ತಿ ತಿಂದವು. ಕುಂಟು ಹೆಚ್ಚಾದಷ್ಟೂ ಔಷಧಿಯೂ ಹೆಚ್ಚು. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು, ಅಲ್ವಾ?

ಮೊದಲು ಗಾಯದ ಕೋಳಿಯನ್ನು ಬೇರೆ ಮಾಡಿ. ರಕ್ತದ ಕೆಂಪು ಕಂಡರೆ ಉಳಿದವು ಕುಕ್ಕಿ ಕುಕ್ಕಿ ಕೊಂದೇಬಿಡುತ್ತವೆ. ರಟ್ಟಿನ ಡಬ್ಬವೋ ಮಂಕರಿಯೋ ಸಾಕು. ಒಳಗೆ ಒಣ ಬಟ್ಟೆ ಹಾಸಿ, ಬೆಚ್ಚಗಿರುವ ಕತ್ತಲೆ ಮೂಲೆಯಲ್ಲಿಡಿ. ಹಿಡಿಯುವಾಗ ಎದೆ ಅಮುಕಬೇಡಿ. ಕೋಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ-ಹೊಟ್ಟೆ ನಡುವೆ ಉಸಿರೆಳೆಯುವ ಸ್ನಾಯು, ಇಲ್ಲ, ಎದೆಗೂಡು ಆಡಿದರೇನೇ ಉಸಿರು. ಮೈ ಬಿಸಿ ಇದೆ ಅಂತ ಜ್ವರ ಎಂದುಕೊಳ್ಳಬೇಡಿ, ಅದರ ಮೈಬಿಸಿಯೇ 41 ಡಿಗ್ರಿ ಸೆಲ್ಸಿಯಸ್ ಮೇಲೆ.

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಒತ್ತಿ ಹಿಡಿದು ಐದು ನಿಮಿಷ ತೆಗೆಯದೆ ಕಾಯಿರಿ. ನಿಂತ ಮೇಲೆ ಸುತ್ತಲಿನ ಪುಕ್ಕ ಕತ್ತರಿಸಿ. ಕೀಳಬೇಡಿ, ಅದೂ ನೋವೇ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ, ಮಣ್ಣು ಪೂರ್ತಿ ಹೋಗುವವರೆಗೆ ತೊಳೆಯಿರಿ. ಆಮೇಲೆ ಪೊವಿಡೋನ್ ಅಯೋಡಿನ್ ಅನ್ನುವ ಗಾಯದ ಔಷಧಿ ದ್ರವವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಹಚ್ಚಿ. ಸುಣ್ಣ, ಸೀಮೆಎಣ್ಣೆ ಮಾತ್ರ ಬೇಡವೇ ಬೇಡ. ಆಳದ ತೂತಿಗೆ ಅರಿಶಿನ ತುಂಬಿದರೆ ಗಟ್ಟಿಯಾಗಿ, ಕೀವು ಒಳಗೇ ಉಳಿಯುತ್ತದೆ.

ಪೆಟ್ಟು ಬಿದ್ದ ಜಾಗ ಮಾರನೆಯ ದಿನ ಹಸಿರಾಗುತ್ತದೆ. ನಾನೂ ಕೊಳೆಯಿತೆಂದೇ ಹೆದರಿದ್ದೆ. ಕೋಳಿಯಲ್ಲಿ ಒಳಗೆ ರಕ್ತ ಹೆಪ್ಪುಗಟ್ಟಿದರೆ ಹಸಿರೇ ಕಾಣುವುದು. ಕೆಟ್ಟ ವಾಸನೆ ಬಂದರೆ ಮಾತ್ರ ಚಿಂತೆ ಮಾಡಿ.

ಮಲೆನಾಡಿನ ಮಳೆಗಾಲದಲ್ಲಿ ದೊಡ್ಡ ಶತ್ರು ನೊಣ. ಒಂದೇ ದಿನದಲ್ಲಿ ಗಾಯದಲ್ಲಿ ಹುಳ ಆಗುತ್ತದೆ. ದಿನಕ್ಕೆ ಎರಡು ಸಲ ಬೆಳಕಿಗೆ ಹಿಡಿದು ನೋಡಿ. ಕೋಳಿ ಇರುವ ಜಾಗಕ್ಕೆ ಸೊಳ್ಳೆಪರದೆಯ ಬಟ್ಟೆ ಹೊದಿಸಿ.

ನೀರು ಕುಡಿಯದಿದ್ದರೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ, ಕೊಕ್ಕಿನ ತುದಿ ಅದ್ದಿ. ಬಾಯೊಳಗೆ ಸುರಿಯಬೇಡಿ. ಉಸಿರಿನ ದಾರಿ ನಾಲಿಗೆಯ ಹಿಂದೆಯೇ ತೆರೆದಿರುತ್ತದೆ.

ಮನುಷ್ಯರ ನೋವಿನ ಮಾತ್ರೆ ಪುಡಿ ಮಾಡಿ ಕೊಡಲೇಬೇಡಿ. ಡೈಕ್ಲೋಫಿನಾಕ್ ಅನ್ನುವ ನೋವಿನ ಔಷಧಿ ಕೊಟ್ಟಿದ್ದ ದನಗಳ ಹೆಣ ತಿಂದು ರಣಹದ್ದುಗಳು ಸತ್ತವೆಂದು 2006ರಲ್ಲೇ ಜಾನುವಾರುಗಳಿಗೆ ಅದನ್ನು ನಿಷೇಧಿಸಿದ್ದಾರೆ. ಕೋಳಿಗೆ ಹೊಂದುವ ಔಷಧಿ, ತೂಕಕ್ಕೆ ತಕ್ಕ ಪ್ರಮಾಣ ಪಶುವೈದ್ಯರೇ ಹೇಳಬೇಕು. ಮೂಳೆ ಮುರಿದಿದ್ದರೆ, ಕರುಳು ಕಂಡರೆ, ಉಸಿರಾಡಲು ಬಾಯಿ ತೆರೆದರೆ, ಬೆಕ್ಕೋ ನಾಯಿಯೋ ಕಚ್ಚಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಹಾಸನದ ಸುತ್ತಮುತ್ತಲಿನವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜು ಇದೆ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅನ್ನುವುದನ್ನೂ ಕೇಳಿ ಬನ್ನಿ.

ನಮ್ಮ ಹ್ಯಾಟೆ ಆರನೇ ದಿನ ಒಲೆಬೂದಿಯಲ್ಲಿ ಹೊರಳಿತು. ಗಾಯ ಒಣಗಿ, ಹೊಸ ಪುಕ್ಕದ ಮೊಳೆ ಬಂದ ಮೇಲೆ ಕತ್ತಲಾದ ಹೊತ್ತಿಗೆ ಗೂಡಿಗೆ ಬಿಟ್ಟೆವು. ಉಳಿದವು ಮಲಗಿರುವಾಗ ಸೇರಿಸಿದರೆ ಜಗಳ ಕಮ್ಮಿ.