ಬಿಲ್ ಯಾರದ್ದು, ತಂತಿ ಯಾರದ್ದು

ಯುರೋಪಿನ ಒಂದು ದೇಶದ ಟೆಲಿಕಾಂ ನಿಯಂತ್ರಕ ಸಂಸ್ಥೆಗೆ ಮಾರುಕಟ್ಟೆ ವಿಶ್ಲೇಷಣೆ, ಅಂದರೆ ಯಾವುದಾದರೂ ಕಂಪನಿಗೆ ಪ್ರಾಬಲ್ಯವಿದೆಯಾ ಅನ್ನುವ ಲೆಕ್ಕ, ಮಾಡಿಕೊಡುವ ತಂಡದಲ್ಲಿದ್ದೆ. ಮೊದಲ ಸಲ ನಾನು ಎಡವಿದ್ದು ಎಕ್ಸೆಲ್‌ನ ಒಂದೇ ಒಂದು ಕಾಲಂನಲ್ಲಿ.

ಕಂಪನಿಗಳು ತಮ್ಮ ತಮ್ಮ ಬ್ರಾಡ್‌ಬ್ಯಾಂಡ್ ಗಿರಾಕಿಗಳ ಲೆಕ್ಕ ಕಳಿಸಿದ್ದವು. ಕೂಡಿಸಿದೆ, ಭಾಗಿಸಿದೆ. ಹಳೇ ಟೆಲಿಫೋನ್ ಕಂಪನಿಯ ಪಾಲು ಶೇಕಡ 40ಕ್ಕಿಂತ ಕಡಿಮೆ ಬಂತು. ಯುರೋಪಿಯನ್ ಕಮಿಷನ್‌ನ 2018ರ ಮಾರ್ಗಸೂಚಿ ಪ್ರಕಾರ 50 ದಾಟಿದರೆ ಪ್ರಾಬಲ್ಯಕ್ಕೆ ಅದೇ ಬಲವಾದ ಸಾಕ್ಷಿ. 40ರ ಕೆಳಗಿದ್ದರೆ ಒಂದೇ ಕಂಪನಿಯ ಪ್ರಾಬಲ್ಯ ಇರುವ ಸಾಧ್ಯತೆ ಕಡಿಮೆ. ಕೆಲಸ ಮುಗೀತು ಅಂದುಕೊಂಡೆ.

ಹಿರಿಯ ಸಹೋದ್ಯೋಗಿಯೊಬ್ಬರು ಪರದೆ ಮೇಲೆ ಬೆರಳಿಟ್ಟರು. "ಈ ಎರಡನೇ ಕಂಪನಿ ಗಿರಾಕಿಗಳ ಮನೆಗೆ ಹೋಗಿರೋದು ಯಾರ ತಂತಿ?"

ಒಂದು ಊರಲ್ಲಿ 100 ಮನೆ ಅಂದುಕೊಳ್ಳಿ. 38 ಮನೆಗೆ ಹಳೇ ಕಂಪನಿಯ ಬಿಲ್ ಬರುತ್ತದೆ. 37 ಮನೆಗೆ ಎರಡನೆಯವರ ಬಿಲ್, ಆದರೆ ಅವರು ತಂತಿಯನ್ನು ಹಳೇ ಕಂಪನಿಯಿಂದಲೇ ಬಾಡಿಗೆಗೆ ಪಡೆದಿದ್ದಾರೆ. ಉಳಿದ 25 ಕೇಬಲ್ ಕಂಪನಿಯವು. ಬಾಡಿಗೆಗೆ ಕೊಡಲೇಬೇಕು ಅಂತ ನಿಯಂತ್ರಕರ ಕಟ್ಟಳೆ ಇರುವುದರಿಂದಲೇ ಆ 37 ಉಳಿದಿರುವುದು. ವಿಶ್ಲೇಷಣೆ ಮಾಡುವಾಗ ಆ ಕಟ್ಟಳೆ ಇಲ್ಲವೇ ಇಲ್ಲ ಅಂತ ಭಾವಿಸಿ ನೋಡಬೇಕು. ಆಗ ಸಗಟು ಲೆಕ್ಕದಲ್ಲಿ, ಅಂದರೆ ತಂತಿ ಯಾರದ್ದು ಅನ್ನುವ ಲೆಕ್ಕದಲ್ಲಿ, ಹಳೇ ಕಂಪನಿಯ ಪಾಲು 38 ಅಲ್ಲ, 75. ನಾನು ಔಷಧಿ ಕುಡಿದ ರೋಗಿಯ ಜ್ವರ ನೋಡಿ ರೋಗವೇ ಇಲ್ಲ ಅಂದುಬಿಟ್ಟಿದ್ದೆ!

ಇನ್ನು ಕೇಬಲ್ ಅದೇ ಮಾರುಕಟ್ಟೆಯಲ್ಲಿದೆಯಾ? ನನಗೆ ಜಾಸ್ತಿ ದಿನ ಹಿಡಿದದ್ದು ಇದೇ. ಬೆಲೆ ಶೇಕಡ 5ರಿಂದ 10 ಏರಿ, ಏರಿದಲ್ಲೇ ನಿಂತರೆ ಜನ ಬಿಟ್ಟು ಕೇಬಲ್‌ಗೆ ಹೋಗುತ್ತಾರಾ ಅನ್ನುವುದು ಪರೀಕ್ಷೆ. ಬಿಲ್ 40 ಯೂರೋ, ಅದರಲ್ಲಿ ತಂತಿ ಬಾಡಿಗೆ 20 ಅಂತಿಟ್ಟುಕೊಳ್ಳಿ. ಬಾಡಿಗೆ 10 ಶೇಕಡ ಏರಿದರೆ ಬಿಲ್‌ಗೆ ಸೇರುವುದು ಎರಡೇ ಯೂರೋ. ಎರಡು ಯೂರೋಗೆ ಯಾರು ಸುಮ್ನೆ ರಜೆ ಹಾಕಿ, ಟೆಕ್ನಿಷಿಯನ್‌ಗೆ ಕಾಯ್ತಾ ಕೂತು ಮೋಡೆಮ್ ಬದಲಿಸುತ್ತಾರೆ? ಬದಲಿಸುವವರೂ ಇದ್ದಾರೆ. ಎಷ್ಟು ಜನ ಅನ್ನುವುದರ ಮೇಲೆ ಇಡೀ ವರದಿ ನಿಂತಿರುತ್ತದೆ.

ಹಾಗಂತ 75 ಬಂದ ಕೂಡಲೇ ಠಸ್ಸೆ ಒತ್ತುವ ಹಾಗಿಲ್ಲ. ಯುರೋಪಿನ ಟೆಲಿಕಾಂ ಕಾನೂನಾದ 2018ರ ಸಂಹಿತೆಯ 63ನೇ ವಿಧಿ ಕೇಳುವುದೇ ಬೇರೆ. ಪೈಪೋಟಿದಾರರು, ಗಿರಾಕಿಗಳು, ಕೊನೆಗೆ ಬಳಕೆದಾರರು ಏನಂದುಕೊಂಡಾರು ಅನ್ನುವ ಅಂಜಿಕೆ ಅಷ್ಟಾಗಿ ಇಲ್ಲದೆ ಕಂಪನಿ ನಡೆದುಕೊಳ್ಳಬಲ್ಲದಾ? ಫಿನ್‌ಲ್ಯಾಂಡಿನ ನಿಯಂತ್ರಕರು 2004ರಲ್ಲಿ ಮೊಬೈಲ್ ಸಗಟು ಮಾರುಕಟ್ಟೆಯಲ್ಲಿ ಟೆಲಿಯಾಸೊನೆರಾ ಕಂಪನಿಗೆ ಪ್ರಾಬಲ್ಯವಿದೆ ಅಂದರು. ಪಾಲು ಶೇಕಡ 60ಕ್ಕಿಂತ ಜಾಸ್ತಿಯೇ ಇತ್ತು. ಆದರೂ ಕಮಿಷನ್ ಒಪ್ಪಲಿಲ್ಲ, ವೀಟೋ ಹಾಕಿತು. ಸ್ವಂತ ನೆಟ್‌ವರ್ಕ್ ಇಲ್ಲದ ಸೇವಾದಾರರಿಗೆ ಬೇರೆ ನೆಟ್‌ವರ್ಕ್‌ಗಳ ಜೊತೆ ಒಪ್ಪಂದ ಸಿಗುತ್ತಿತ್ತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿತ್ತು.

ನಮ್ಮ ಕರಡೂ ಬ್ರಸೆಲ್ಸ್‌ಗೆ, ಕಮಿಷನ್ ಹತ್ತಿರ ಹೋಯಿತು. ಅವರಿಗೆ ಒಂದು ತಿಂಗಳು ಸಮಯ. ಗಂಭೀರ ಅನುಮಾನ ಬಂದರೆ ಇನ್ನೆರಡು ತಿಂಗಳು ಎಳೆಯಬಹುದು. ನಮಗೆ ಬಂದದ್ದು ಪ್ರಶ್ನೆಗಳ ಪಟ್ಟಿ ಮಾತ್ರ. 75ರ ಬಗ್ಗೆ ಒಂದೂ ಪ್ರಶ್ನೆ ಇರಲಿಲ್ಲ. ಎಲ್ಲವೂ ಆ ಎರಡು ಯೂರೋ ಬಗ್ಗೆಯೇ.