ಡಿಜಿಟಲ್ ವಿನೈಲ್ ತಂತ್ರಾಂಶಗಳನ್ನು ಹೋಲಿಸಿ ನೋಡುವ ಕ್ರಮ

ವಿಶೇಷ ವಿನೈಲ್ ತಟ್ಟೆಯನ್ನು ಟರ್ನ್‌ಟೇಬಲ್ ಮೇಲೆ ಆಡಿಸಿ ಕಂಪ್ಯೂಟರಿನಲ್ಲಿರುವ ಹಾಡನ್ನು ನಿಯಂತ್ರಿಸುವ ಏರ್ಪಾಡಿಗೆ ಡಿಜಿಟಲ್ ವಿನೈಲ್ ವ್ಯವಸ್ಥೆ ಎನ್ನುತ್ತಾರೆ. ಅದನ್ನು ಕೊಳ್ಳಲು ಹೊರಟ ಡಿಜೆಗಳು ಸಾಮಾನ್ಯವಾಗಿ ಮೊದಲು ನೋಡುವುದು ಸೌಲಭ್ಯಗಳ ಪಟ್ಟಿಯನ್ನು. ಎಷ್ಟು ಡೆಕ್‌ಗಳಿವೆ (ಅಂದರೆ ಏಕಕಾಲಕ್ಕೆ ಎಷ್ಟು ಹಾಡುಗಳನ್ನು ನುಡಿಸಬಹುದು), ಎಷ್ಟು ಎಫೆಕ್ಟ್‌ಗಳಿವೆ, ಹಾಡಿನಿಂದ ಗಾಯನವನ್ನೂ ಡ್ರಮ್ಮನ್ನೂ ಬೇರ್ಪಡಿಸಲು ಬರುತ್ತದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಆದರೆ ಪ್ರಮುಖ ತಂತ್ರಾಂಶಗಳ ಪಟ್ಟಿಗಳು ಈಗ ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಸೂಜಿಯಿಂದ ಬಂದ ಸಿಗ್ನಲ್ಲನ್ನು ಯಾವ ತಂತ್ರಾಂಶ ಎಷ್ಟು ನಿಷ್ಠೆಯಿಂದ ಓದುತ್ತದೆ, ಕೈಯ ಚಲನೆ ಎಷ್ಟು ಬೇಗ ಸ್ಪೀಕರನ್ನು ತಲುಪುತ್ತದೆ, ಸಿಗ್ನಲ್ ಕೆಟ್ಟಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಯಾವ ಪಟ್ಟಿಯೂ ಉತ್ತರ ಕೊಡುವುದಿಲ್ಲ. ಈ ಉತ್ತರಗಳನ್ನು ನಮ್ಮದೇ ಟರ್ನ್‌ಟೇಬಲ್ ಮೇಲೆ ಪಡೆಯಬಹುದು, ಮತ್ತು ಹಾಗೆ ಪಡೆದದ್ದನ್ನು ಮಾತ್ರ ನಂಬಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆಗೆ ಇಳಿಯುವ ಮೊದಲು ತಟ್ಟೆಯ ಮೇಲೆ ಏನಿದೆ ಎಂಬುದು ತಿಳಿದಿರಬೇಕು. ಈ ವ್ಯವಸ್ಥೆಯ ತಟ್ಟೆಯಾದ ಕಂಟ್ರೋಲ್ ವಿನೈಲ್‌ನಲ್ಲಿ ಹಾಡು ಇರುವುದಿಲ್ಲ. ಎಡ ಮತ್ತು ಬಲ ಚಾನೆಲ್‌ಗಳಲ್ಲಿ ಒಂದೇ ಸ್ವರ, 90 ಡಿಗ್ರಿಗಳ ಹಂತವ್ಯತ್ಯಾಸದೊಂದಿಗೆ, ಆರಂಭದಿಂದ ಕೊನೆಯವರೆಗೆ ಕೊರೆದಿರುತ್ತದೆ. ಸ್ವರದ ಆವರ್ತನ ವೇಗವನ್ನು ತಿಳಿಸುತ್ತದೆ. ಎರಡು ಚಾನೆಲ್‌ಗಳಲ್ಲಿ ಯಾವುದು ಮುಂದಿದೆ ಎಂಬುದು ದಿಕ್ಕನ್ನು ತಿಳಿಸುತ್ತದೆ. ಅಲೆಗಳಲ್ಲಿ ಅಡಗಿಸಿಟ್ಟ ಸೊನ್ನೆ ಮತ್ತು ಒಂದುಗಳ ಸಾಲು ಸೂಜಿ ತಟ್ಟೆಯ ಯಾವ ಜಾಗದಲ್ಲಿದೆ ಎಂಬುದನ್ನು ತಿಳಿಸುತ್ತದೆ. ಈ ಸಂಕೇತಕ್ಕೆ ಟೈಮ್‌ಕೋಡ್ ಎಂದು ಹೆಸರು. ಸೆರಾಟೊ ಮತ್ತು ಟ್ರ್ಯಾಕ್ಟರ್ ಇಂಥ ತಂತ್ರಾಂಶಗಳಲ್ಲಿ ಎರಡು ಪ್ರಮುಖ ಹೆಸರುಗಳು. ತಟ್ಟೆ ಸಹಜ ವೇಗದಲ್ಲಿ ತಿರುಗುವಾಗ ಸೆರಾಟೊ ತಟ್ಟೆಯ ಸ್ವರ 1000 ಹರ್ಟ್ಸ್, ಟ್ರ್ಯಾಕ್ಟರ್‌ನ ಮೊದಲ ತಲೆಮಾರಿನ ತಟ್ಟೆಯದು 2000 ಹರ್ಟ್ಸ್, ಎರಡನೆಯ ತಲೆಮಾರಿನದು 2500 ಹರ್ಟ್ಸ್. ವೇಗ ಮತ್ತು ದಿಕ್ಕು ಒಂದು ಅಲೆಯೊಳಗೇ ತಿಳಿದುಬಿಡುತ್ತವೆ. ಜಾಗ ತಿಳಿಯಬೇಕಾದರೆ ಸೆರಾಟೊ ತಟ್ಟೆಯಲ್ಲಿ ಇಪ್ಪತ್ತರ ಆಸುಪಾಸಿನಷ್ಟು ಅಲೆಗಳು ಒಂದರ ಹಿಂದೊಂದು ಸರಿಯಾಗಿ ಓದಿಸಿಕೊಳ್ಳಬೇಕು. ಈ ಅಂತರವನ್ನು ನೆನಪಿನಲ್ಲಿಡಿ. ಸ್ಕ್ರ್ಯಾಚ್ ಮಾಡುವಾಗ, ಅಂದರೆ ತಟ್ಟೆಯನ್ನು ಕೈಯಿಂದ ವೇಗವಾಗಿ ಹಿಂದೆ ಮುಂದೆ ಆಡಿಸುವಾಗ, ತಂತ್ರಾಂಶಕ್ಕೆ ಜಾಗ ಓದಲು ಬಿಡುವೇ ಸಿಗದಿರಬಹುದು. ಆಗ ಅದು ವೇಗ ಮತ್ತು ದಿಕ್ಕನ್ನು ಕೂಡಿಸಿ ಕಳೆದು ಜಾಗವನ್ನು ಅಂದಾಜು ಮಾಡುತ್ತದೆ. ತಂತ್ರಾಂಶಗಳ ನಡುವಿನ ಗುಣಭೇದ ಹೆಚ್ಚಾಗಿ ಹೊರಬೀಳುವುದು ಇಲ್ಲಿಯೇ.

ಬಹುತೇಕ ಎಲ್ಲ ತಂತ್ರಾಂಶಗಳಲ್ಲೂ ಮೂರು ವಿಧಾನಗಳಿರುತ್ತವೆ. ಅಬ್ಸಲ್ಯೂಟ್ ವಿಧಾನದಲ್ಲಿ ಸೂಜಿಯನ್ನು ಎತ್ತಿ ಬೇರೆಡೆ ಇಟ್ಟರೆ ಹಾಡೂ ಅಲ್ಲಿಗೆ ಜಿಗಿಯುತ್ತದೆ. ರಿಲೆಟಿವ್ ವಿಧಾನದಲ್ಲಿ ವೇಗ ಮತ್ತು ದಿಕ್ಕನ್ನು ಮಾತ್ರ ಪರಿಗಣಿಸುವುದರಿಂದ ಸೂಜಿ ಹಾರಿದರೂ ಹಾಡು ಮುಂದುವರಿಯುತ್ತದೆ. ಇಂಟರ್ನಲ್ ವಿಧಾನದಲ್ಲಿ ತಟ್ಟೆಗೆ ಯಾವ ಅಧಿಕಾರವೂ ಇಲ್ಲ. ಹೋಲಿಕೆ ಮಾಡುವಾಗ ಅಬ್ಸಲ್ಯೂಟ್‌ನಲ್ಲೇ ಮಾಡಿ, ಏಕೆಂದರೆ ರಿಲೆಟಿವ್ ವಿಧಾನ ಓದುವಿಕೆಯ ದೋಷಗಳನ್ನು ಮುಚ್ಚಿಹಾಕುತ್ತದೆ.

ಯಾವ ತಂತ್ರಾಂಶ ಯಾವ ಯಂತ್ರದ ಜೊತೆ ಹೊಂದುತ್ತದೆ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. 2004ರಲ್ಲಿ ಬಂದ ಸೆರಾಟೊ ಸ್ಕ್ರ್ಯಾಚ್ ಲೈವ್ ರೇನ್ ಕಂಪನಿಯ ಯಂತ್ರಗಳೊಂದಿಗೆ ಮಾತ್ರ ಕೆಲಸ ಮಾಡುತ್ತಿತ್ತು. ಅದರ ಉತ್ತರಾಧಿಕಾರಿಯಾದ ಸೆರಾಟೊ ಡಿಜೆ ಪ್ರೊ ಅನೇಕ ಕಂಪನಿಗಳ ಮಿಕ್ಸರ್ ಮತ್ತು ಇಂಟರ್‌ಫೇಸ್‌ಗಳನ್ನು (ಟರ್ನ್‌ಟೇಬಲ್ಲಿನ ಸಿಗ್ನಲ್ಲನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆಗಳನ್ನು) ಒಪ್ಪುತ್ತದೆಯಾದರೂ ಅವು ಅದರ ಮಾನ್ಯತಾ ಪಟ್ಟಿಯಲ್ಲಿರಬೇಕು. ರೆಕಾರ್ಡ್‌ಬಾಕ್ಸ್ ಎಂಬ ತಂತ್ರಾಂಶ ಕೂಡ ಇದೇ ದಾರಿಯದು. ಟ್ರ್ಯಾಕ್ಟರ್ 2018ರ ಪ್ರೊ 3 ಆವೃತ್ತಿಯಲ್ಲಿ ಈ ಬೀಗವನ್ನು ತೆಗೆದುಹಾಕಿತು. ಎರಡು ಸ್ಟೀರಿಯೊ ಒಳದಾರಿ, ಎರಡು ಸ್ಟೀರಿಯೊ ಹೊರದಾರಿ ಇರುವ ಸಾಮಾನ್ಯ ಇಂಟರ್‌ಫೇಸ್ ಸಾಕು. ವರ್ಚುವಲ್‌ಡಿಜೆ ಬೇರೆ ಬೇರೆ ಕಂಪನಿಗಳ ಟೈಮ್‌ಕೋಡ್ ತಟ್ಟೆಗಳನ್ನು ಓದಬಲ್ಲದು. ಮುಕ್ತ ತಂತ್ರಾಂಶವಾದ ಮಿಕ್ಸ್ (Mixxx) ಉಚಿತವಾಗಿ ಸಿಗುತ್ತದೆ ಮತ್ತು ಸೆರಾಟೊ ತಟ್ಟೆಯನ್ನೂ ಟ್ರ್ಯಾಕ್ಟರ್‌ನ ಮೊದಲ ತಲೆಮಾರಿನ ತಟ್ಟೆಯನ್ನೂ ಒಪ್ಪುತ್ತದೆ. ಲಿನಕ್ಸ್ ಬಳಸುವವರಿಗೆ ಎಕ್ಸ್‌ವ್ಯಾಕ್ಸ್ ಎಂಬ ಇನ್ನೂ ಸರಳವಾದ ಮುಕ್ತ ತಂತ್ರಾಂಶವಿದೆ. ಅದರಲ್ಲಿ ಎಫೆಕ್ಟ್ ಇಲ್ಲ, ಎರಡು ಹಾಡುಗಳ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ ಇಲ್ಲ, ತಟ್ಟೆ ಮತ್ತು ಹಾಡು ಮಾತ್ರ. ಹೊಸದಾಗಿ ತಟ್ಟೆ ಕೊಳ್ಳುವವರು ಸೆರಾಟೊದ ಟೈಮ್‌ಕೋಡ್ ಇರುವುದನ್ನು ಕೊಳ್ಳುವುದು ಮೇಲು, ಏಕೆಂದರೆ ಮುಂದೆ ತಂತ್ರಾಂಶ ಬದಲಿಸಿದರೂ ಅದನ್ನು ಬಳಸಿಕೊಳ್ಳುವ ಸಾಧ್ಯತೆ ಹೆಚ್ಚು.

ಹೋಲಿಕೆ ನ್ಯಾಯವಾಗಿರಬೇಕಾದರೆ ತಂತ್ರಾಂಶವೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಆಗಿರಬೇಕು: ಅದೇ ಟರ್ನ್‌ಟೇಬಲ್, ಅದೇ ಕಾರ್ಟ್ರಿಡ್ಜ್ (ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ಸಾಧ್ಯವಾದಲ್ಲೆಲ್ಲ ಅದೇ ತಟ್ಟೆ ಮತ್ತು ಅದೇ ಇಂಟರ್‌ಫೇಸ್. ಸೂಜಿಯನ್ನು ಹಿಡಿದಿರುವ ತೋಳಾದ ಟೋನ್‌ಆರ್ಮ್‌ನ ಭಾರವನ್ನು ಕಾರ್ಟ್ರಿಡ್ಜ್ ತಯಾರಕರು ಹೇಳಿದಷ್ಟಕ್ಕೆ ಹೊಂದಿಸಿ, ಸೂಜಿಯ ತುದಿಗೆ ಅಂಟಿದ ಧೂಳನ್ನು ಮೃದುವಾದ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ತೆಗೆಯಿರಿ, ಅರ್ತ್ ತಂತಿಯನ್ನು ಮಿಕ್ಸರ್ ಅಥವಾ ಇಂಟರ್‌ಫೇಸ್‌ನ ತಿರುಪಿಗೆ ಬಿಗಿಯಾಗಿ ಕಟ್ಟಿ. ಇಂಟರ್‌ಫೇಸ್‌ನ ಒಳದಾರಿಯಲ್ಲಿ ಫೋನೊ ಮತ್ತು ಲೈನ್ ಎಂಬ ಸ್ವಿಚ್ ಇದ್ದರೆ, ಸೂಜಿಯಿಂದ ನೇರವಾಗಿ ಬರುವ ಸಿಗ್ನಲ್‌ಗೆ ಅದು ಫೋನೊದಲ್ಲಿರಬೇಕು. ಕೀ ಲಾಕ್ (ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯುವ ಸೌಲಭ್ಯ), ಸಿಂಕ್, ಎಫೆಕ್ಟ್ ಎಲ್ಲವನ್ನೂ ಆಫ್ ಮಾಡಬೇಕು. ಸ್ಯಾಂಪಲ್ ರೇಟ್ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಎಂಬುದು) ಮತ್ತು ಬಫರ್ (ಒಂದು ಸಲಕ್ಕೆ ಎಷ್ಟು ಸ್ಯಾಂಪಲ್‌ಗಳನ್ನು ಕೂಡಿಟ್ಟು ಸಾಗಿಸಬೇಕು ಎಂಬುದು) ಎಲ್ಲ ತಂತ್ರಾಂಶಗಳಲ್ಲೂ ಒಂದೇ ಇರಬೇಕು. ಪರೀಕ್ಷೆಯ ಹಾಡು ವೇವ್ ಫೈಲ್ ಆಗಿರಲಿ, ಏಕೆಂದರೆ ಎಂಪಿ3 ಫೈಲಿನ ಆರಂಭದಲ್ಲಿ ಸೇರಿಕೊಳ್ಳುವ ಸಣ್ಣ ಮೌನವನ್ನು ಒಂದೊಂದು ತಂತ್ರಾಂಶ ಒಂದೊಂದು ರೀತಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಈಗ ತಂತ್ರಾಂಶದಲ್ಲಿ ಸಿಗ್ನಲ್ಲನ್ನು ಚಿತ್ರವಾಗಿ ತೋರಿಸುವ ಸ್ಕೋಪ್ ತೆರೆದು ನೋಡಿ. ತಟ್ಟೆ ತಿರುಗುತ್ತಿರುವಾಗ ಎಡ ಚಾನೆಲ್ಲನ್ನು ಒಂದು ಅಕ್ಷದಲ್ಲೂ ಬಲ ಚಾನೆಲ್ಲನ್ನು ಇನ್ನೊಂದರಲ್ಲೂ ಬಿಡಿಸಿದರೆ ವೃತ್ತ ಮೂಡುತ್ತದೆ, ಏಕೆಂದರೆ ಎರಡೂ ಒಂದೇ ಸ್ವರ ಮತ್ತು ಅವುಗಳ ನಡುವೆ ಕಾಲು ಸುತ್ತಿನ ಅಂತರವಿದೆ. ವೃತ್ತ ಗುಂಡಗೆ, ತೆಳುವಾಗಿ, ನಡುವಿನಲ್ಲಿ ನಿಂತಿದ್ದರೆ ಸಿಗ್ನಲ್ ಚೆನ್ನಾಗಿದೆ ಎಂದರ್ಥ. ಅದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಒಂದು ಚಾನೆಲ್ ಇನ್ನೊಂದಕ್ಕಿಂತ ಜೋರಾಗಿದೆ ಅಥವಾ ಕಾರ್ಟ್ರಿಡ್ಜ್ ಓರೆಯಾಗಿ ಕೂತಿದೆ. ವೃತ್ತದ ಬದಲು ಒಂದೇ ಗೆರೆ ಕಂಡರೆ ಒಂದು ಚಾನೆಲ್ ಬರುತ್ತಲೇ ಇಲ್ಲ, ಹೆಡ್‌ಶೆಲ್ (ಕಾರ್ಟ್ರಿಡ್ಜ್ ಕೂರುವ ಹಿಡಿ) ತೆಗೆದು ಅದರ ಸಂಪರ್ಕ ಬಿಂದುಗಳನ್ನು ಒರೆಸಬೇಕು. ಅಂಚು ಹಿಂಜಿದಂತೆ ಅಸ್ಪಷ್ಟವಾಗಿದ್ದರೆ ಧೂಳು, ಅರ್ತ್ ತಂತಿ ಅಥವಾ ಸವೆದ ತಟ್ಟೆಯನ್ನು ಅನುಮಾನಿಸಬೇಕು. ವೃತ್ತ ಸರಿಯಾಗುವವರೆಗೆ ಯಾವ ತಂತ್ರಾಂಶದ ಬಗ್ಗೆಯೂ ತೀರ್ಪು ಕೊಡಬೇಡಿ. ತಂತ್ರಾಂಶವನ್ನು ದೂರುವ ಎಷ್ಟೋ ಮಾತುಗಳ ಮೂಲ ಹೆಡ್‌ಶೆಲ್‌ನ ಕೊಳೆಯಲ್ಲಿರುತ್ತದೆ. ಇದಾದ ಮೇಲೆ ಸೂಜಿಯನ್ನು ನಿಂತ ತಟ್ಟೆಯ ಮೇಲಿಟ್ಟು, ಕೋಣೆಯಲ್ಲಿ ಸಂಗೀತವನ್ನು ಜೋರಾಗಿ ಹಾಕಿ, ಸದ್ದನ್ನು ಸಿಗ್ನಲ್ ಎಂದು ತಂತ್ರಾಂಶ ತಪ್ಪು ತಿಳಿಯದಷ್ಟು ಮಟ್ಟಕ್ಕೆ ಮಿತಿಯನ್ನು ಹೊಂದಿಸಿ. ಆ ಮಿತಿಯನ್ನು ಅಗತ್ಯಕ್ಕಿಂತ ಏರಿಸಿದರೆ ನಿಧಾನವಾದ ಚಲನೆಗಳು ಓದಿಗೆ ಸಿಗದೆ ಹೋಗುತ್ತವೆ.

ಲೇಟೆನ್ಸಿಯ, ಅಂದರೆ ಕೈ ಚಲಿಸಿದ ಮೇಲೆ ಸದ್ದು ಬರಲು ಆಗುವ ತಡದ, ವಿಷಯದಲ್ಲಿ ಮೊದಲು ಸ್ವಲ್ಪ ಗಣಿತ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ದರದಲ್ಲಿ 128 ಸ್ಯಾಂಪಲ್‌ಗಳ ಬಫರ್ ಎಂದರೆ ಸುಮಾರು 2.9 ಮಿಲಿಸೆಕೆಂಡ್, 256 ಎಂದರೆ 5.8, 512 ಎಂದರೆ 11.6. ಸಿಗ್ನಲ್ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಬಫರ್ ತುಂಬಬೇಕಾದ್ದರಿಂದ ನಿಜವಾದ ತಡ ಕನಿಷ್ಠ ಇದರ ಎರಡರಷ್ಟಾಗುತ್ತದೆ, ಅದರ ಮೇಲೆ ತಂತ್ರಾಂಶ ಲೆಕ್ಕ ಹಾಕಲು ತೆಗೆದುಕೊಳ್ಳುವ ಹೊತ್ತೂ ಸೇರುತ್ತದೆ. ಆದ್ದರಿಂದ ಸೆಟ್ಟಿಂಗ್‌ನಲ್ಲಿ ಕಾಣುವ ಅಂಕಿಯನ್ನು ನಂಬದೆ ಅಳೆದೇ ನೋಡಬೇಕು. ಸ್ಪೀಕರ್ ಬಂದ್ ಮಾಡಿ ಕಿವಿಯನ್ನು ಸೂಜಿಯ ಹತ್ತಿರ ತಂದರೆ ತಟ್ಟೆಯ ಸ್ವರ ಸೂಜಿಯಿಂದಲೇ ಸಣ್ಣಗೆ ಕೇಳಿಸುತ್ತದೆ. ಈ ಪರೀಕ್ಷೆ ನಿಂತಿರುವುದು ಆ ಸದ್ದಿನ ಮೇಲೆ. ಡೆಕ್‌ಗೆ ಬರೀ ಭೋರ್ಗರೆತದಂಥ ಸದ್ದಿರುವ ಫೈಲೊಂದನ್ನು ಹಾಕಿ, ಹೆಡ್‌ಫೋನಿನ ಒಂದು ಕಿವಿಯನ್ನು ಸೂಜಿಯ ಪಕ್ಕದಲ್ಲಿಟ್ಟು, ಮೊಬೈಲನ್ನು ಎರಡಕ್ಕೂ ಹತ್ತಿರ ಹಿಡಿದು ರೆಕಾರ್ಡ್ ಮಾಡುತ್ತಾ, ತಟ್ಟೆಯನ್ನು ಪೂರ್ತಿ ನಿಲ್ಲಿಸಿಕೊಂಡಿದ್ದು ಒಮ್ಮೆಲೇ ಮುಂದಕ್ಕೆ ತಳ್ಳಿ. ರೆಕಾರ್ಡಿಂಗನ್ನು ಯಾವುದಾದರೂ ಆಡಿಯೊ ಎಡಿಟರ್‌ನಲ್ಲಿ ತೆರೆದು ಹಿಗ್ಗಿಸಿದರೆ, ಮೊದಲು ಸೂಜಿಯ ಕೀರಲು ಸ್ವರ, ತುಸು ಹೊತ್ತಿನ ನಂತರ ಹೆಡ್‌ಫೋನಿನ ಭೋರ್ಗರೆತ ಶುರುವಾಗುವುದು ಕಣ್ಣಿಗೆ ಕಾಣುತ್ತದೆ. ಆ ಎರಡರ ನಡುವಿನ ಅಂತರವೇ ನಿಮ್ಮ ತಡ. ರೆಕಾರ್ಡಿಂಗ್ 44,100ರ ದರದಲ್ಲಿದ್ದರೆ 441 ಸ್ಯಾಂಪಲ್‌ಗಳೆಂದರೆ 10 ಮಿಲಿಸೆಕೆಂಡ್. ಕೆಲವು ಸಲ ಪುನರಾವರ್ತಿಸಿ ನಡುವಿನ ಬೆಲೆಯನ್ನು ತೆಗೆದುಕೊಳ್ಳಿ. ಇದು ಪ್ರಯೋಗಾಲಯದ ಅಳತೆಯಲ್ಲ, ಆದರೆ ಎಲ್ಲ ತಂತ್ರಾಂಶಗಳಿಗೂ ಒಂದೇ ಅಳತೆಗೋಲು ಹಿಡಿದಿರುವುದರಿಂದ ಹೋಲಿಕೆಗೆ ಧಾರಾಳವಾಗಿ ಸಾಕು.

ಮುಂದಿನದು ನಿಧಾನ ಚಲನೆಯ ಪರೀಕ್ಷೆ, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ. ಕಾರ್ಟ್ರಿಡ್ಜ್ ಹುಟ್ಟಿಸುವ ವಿದ್ಯುತ್ತು ಸೂಜಿಯ ಕಂಪನದ ವೇಗವನ್ನು ಅವಲಂಬಿಸಿರುವುದರಿಂದ, ತಟ್ಟೆ ನಿಧಾನವಾದಂತೆ ಸ್ವರದ ಆವರ್ತನವೂ ಇಳಿಯುತ್ತದೆ, ಸಿಗ್ನಲ್ ಕೂಡ ಕ್ಷೀಣಿಸುತ್ತದೆ. ತಂತ್ರಾಂಶಕ್ಕೆ ಓದಲು ಸಿಗುವ ಮಾಹಿತಿ ಎರಡು ಕಡೆಯಿಂದಲೂ ಕಡಿಮೆಯಾಗುತ್ತದೆ. ಒಬ್ಬರೇ ದೀರ್ಘವಾಗಿ ಎಳೆದು ಹಾಡಿದ ಸ್ವರವಿರುವ ಜಾಗವನ್ನು ಆರಿಸಿಕೊಂಡು, ಮೋಟಾರ್ ಆಫ್ ಮಾಡಿ, ತಟ್ಟೆಯ ಲೇಬಲ್ ಮೇಲೆ ಎರಡು ಬೆರಳಿಟ್ಟು ಸಾಧ್ಯವಾದಷ್ಟು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ಒಳ್ಳೆಯ ತಂತ್ರಾಂಶದಲ್ಲಿ ದನಿ ಆಳಕ್ಕೆ ಇಳಿದು ನಯವಾಗಿ ಅಡಗುತ್ತದೆ ಮತ್ತು ದಿಕ್ಕು ಬದಲಾದ ಬಿಂದು ಸ್ಪಷ್ಟವಾಗಿ ಕೇಳಿಸುತ್ತದೆ. ಸಾಧಾರಣವಾದುದರಲ್ಲಿ ದನಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಇಲ್ಲವೇ ಕೈ ಇನ್ನೂ ಚಲಿಸುತ್ತಿರುವಾಗಲೇ ಮೌನವಾಗಿಬಿಡುತ್ತದೆ. ಹೆಚ್ಚಿನ ಆವರ್ತನದ ಸ್ವರವಿರುವ ತಟ್ಟೆಗಳಿಗೆ ಇಲ್ಲಿ ಒಂದು ಸಹಜ ಅನುಕೂಲವಿದೆ, ಏಕೆಂದರೆ ಅದೇ ಅಂಗುಲದಲ್ಲಿ ಅವು ಹೆಚ್ಚು ಅಲೆಗಳನ್ನು ಒದಗಿಸುತ್ತವೆ.

ಸ್ಟಿಕ್ಕರ್ ಪರೀಕ್ಷೆ ಸ್ಕ್ರ್ಯಾಚ್ ಮಾಡುವವರಿಗೆ ಕಡ್ಡಾಯ. ತಟ್ಟೆಯ ಲೇಬಲ್ ಮೇಲೆ ತೆಳುವಾದ ಸ್ಟಿಕ್ಕರ್ ಅಂಟಿಸಿ, ಅದು ಸೂಜಿಗೆ ನೇರವಾಗಿ ಬಂದಾಗ ಸರಿಯಾಗಿ ಒಂದು ಡ್ರಮ್ ಏಟು ಶುರುವಾಗುವಂತೆ ಹಾಡನ್ನು ಹೊಂದಿಸಿ. ಆ ಏಟಿನ ಮೇಲೆ ಸಣ್ಣ, ವೇಗವಾದ ಸ್ಕ್ರ್ಯಾಚ್‌ಗಳನ್ನು ಎರಡು ನಿಮಿಷ ಬಿಡದೆ ಮಾಡಿ, ಸೂಜಿ ಹಾರದಂತೆ ನೋಡಿಕೊಂಡು, ಮತ್ತೆ ಸ್ಟಿಕ್ಕರನ್ನು ಮೊದಲಿನ ಜಾಗಕ್ಕೆ ತನ್ನಿ. ಏಟು ಅಲ್ಲೇ ಇದ್ದರೆ ತಂತ್ರಾಂಶದ ಲೆಕ್ಕ ತಪ್ಪಿಲ್ಲ. ಸರಿದಿದ್ದರೆ ಎಷ್ಟು ಸರಿದಿದೆ ಎಂದು ಗುರುತಿಸಿ, ನಂತರ ತಟ್ಟೆಯನ್ನು ತಿರುಗಲು ಬಿಟ್ಟು ನೋಡಿ: ಅಬ್ಸಲ್ಯೂಟ್ ವಿಧಾನದಲ್ಲಿ ಸರಿಯಾದ ಜಾಗ ಓದಿಗೆ ಸಿಕ್ಕ ಕೂಡಲೇ ತಂತ್ರಾಂಶ ತನ್ನನ್ನು ತಿದ್ದಿಕೊಳ್ಳಬೇಕು, ಮತ್ತು ಆ ತಿದ್ದುಪಡಿ ಹಾಡಿನಲ್ಲಿ ಕುಪ್ಪಳಿಸಿದಂತೆ ಕೇಳಿಸಬಾರದು. ತಟ್ಟೆಯ ನಡುವಿನ ತೂತು ಸಡಿಲವಾಗಿದ್ದರೂ ಸ್ಟಿಕ್ಕರ್ ಸರಿಯಬಹುದು. ಅದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಹಾಡಿಗೆ ಹಾಡು ಬೆರೆಸುವುದನ್ನೇ ಮುಖ್ಯವಾಗಿ ಮಾಡುವವರು ಪಿಚ್ ಅಂಕಿಯ, ಅಂದರೆ ವೇಗ ಸಹಜಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ತೋರಿಸುವ ಅಂಕಿಯ, ನಡೆಯನ್ನು ಗಮನಿಸಬೇಕು. ಪಿಚ್ ಸೊನ್ನೆಯಲ್ಲಿದ್ದು ತಟ್ಟೆ ನಿಮಿಷಕ್ಕೆ 33⅓ ಸುತ್ತುಗಳ ವೇಗದಲ್ಲಿ ತಿರುಗುವಾಗ ತೆರೆಯ ಮೇಲಿನ ಅಂಕಿ ಸೊನ್ನೆಯ ಆಚೀಚೆ ತುಸು ಅಲುಗಾಡುವುದು ಸಹಜ, ಏಕೆಂದರೆ ಯಾವ ಮೋಟಾರೂ ಪೂರ್ಣ ಸ್ಥಿರವಲ್ಲ. ಅಂಕಿ ಕಲ್ಲಿನಂತೆ ನಿಂತಿದ್ದರೆ ತಂತ್ರಾಂಶ ಸರಾಸರಿ ತೆಗೆದು ತೋರಿಸುತ್ತಿದೆ ಎಂದು ತಿಳಿಯಬೇಕು. ಆಗ ಬೆರಳಿನಿಂದ ತಟ್ಟೆಯ ಅಂಚನ್ನು ಲಘುವಾಗಿ ಸವರಿ, ಆ ಬದಲಾವಣೆ ಸದ್ದಿನಲ್ಲಿ ತಕ್ಷಣ ಬರುತ್ತದೆಯೇ ಎಂದು ಕೇಳಿ ನೋಡಿ. ತೋರಿಕೆಯ ಅಂಕಿ ನಿಧಾನವಾದರೆ ತೊಂದರೆಯಿಲ್ಲ, ಸದ್ದು ನಿಧಾನವಾಗಬಾರದು.

ಕೆಟ್ಟ ಸಿಗ್ನಲ್ ಕೊಟ್ಟೂ ನೋಡಬೇಕು. ಹೆಚ್ಚು ಬಳಸಿದ ತಟ್ಟೆಯ ಆರಂಭದ ಭಾಗ ಬೇಗ ಸವೆಯುತ್ತದೆ, ಏಕೆಂದರೆ ಪ್ರತಿ ಹಾಡೂ ಅಲ್ಲಿಂದಲೇ ಶುರುವಾಗುತ್ತದೆ. ಅಂಥ ಹಳೆಯ ತಟ್ಟೆಯೊಂದನ್ನು ಹಾಕಿ ಯಾವ ತಂತ್ರಾಂಶ ತಡವರಿಸುತ್ತದೆ, ಯಾವುದು ತಾನಾಗಿಯೇ ರಿಲೆಟಿವ್ ಅಥವಾ ಇಂಟರ್ನಲ್ ವಿಧಾನಕ್ಕೆ ಬದಲಾಗಿ ಹಾಡನ್ನು ಉಳಿಸುತ್ತದೆ ಎಂಬುದನ್ನು ನೋಡಿ. ಸವೆದ ಜಾಗದಲ್ಲಿ ಒಂದು ಸಣ್ಣ ಜಿಗಿತವಾದರೂ ತುಂಬಿದ ಸಭಾಂಗಣದಲ್ಲಿ ಎಲ್ಲರಿಗೂ ಕೇಳಿಸುತ್ತದೆ.

ಹಾಡುಗಳ ಸಂಗ್ರಹದ ಬಗ್ಗೆ ಒಂದೇ ಮಾತು. ಸೆರಾಟೊ ಕ್ಯೂ ಪಾಯಿಂಟ್‌ಗಳನ್ನು (ಹಾಡಿನೊಳಗೆ ಡಿಜೆ ಹಾಕಿಕೊಂಡ ಗುರುತುಗಳನ್ನು) ಹಾಡಿನ ಫೈಲಿನ ಟ್ಯಾಗ್‌ಗಳಲ್ಲೇ ಬರೆದಿಡುತ್ತದೆ, ಟ್ರ್ಯಾಕ್ಟರ್ ತನ್ನದೇ ಸಂಗ್ರಹ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ, ರೆಕಾರ್ಡ್‌ಬಾಕ್ಸ್ ಎಕ್ಸ್‌ಎಂಎಲ್ ರೂಪದಲ್ಲಿ ಹೊರಗೆ ಕೊಡುತ್ತದೆ. ಆದ್ದರಿಂದ ಪರೀಕ್ಷೆಗೆ ಹಾಡುಗಳ ನಕಲುಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು ಅವನ್ನೇ ಬಳಸಿ. ಮೂಲ ಸಂಗ್ರಹವನ್ನು ಎರಡು ತಂತ್ರಾಂಶಗಳು ಏಕಕಾಲಕ್ಕೆ ತಿದ್ದುವಂತೆ ಬಿಡಬೇಡಿ.

ಕೊನೆಗೆ ಕಂಪ್ಯೂಟರಿನ ಮೇಲೆ ಪೂರ್ಣ ಭಾರ ಹಾಕಿ. ಎರಡೂ ಡೆಕ್‌ಗಳಲ್ಲಿ ಹಾಡು ಓಡುತ್ತಿರುವಾಗ ಕೀ ಲಾಕ್ ಹಾಕಿ, ಗಾಯನ ಮತ್ತು ವಾದ್ಯಗಳನ್ನು ಬೇರ್ಪಡಿಸುವ ಸೌಲಭ್ಯವನ್ನು ಆನ್ ಮಾಡಿ, ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಒಂದು ಗಂಟೆ ನುಡಿಸಿ. ಮೊದಲು 128ರ ಬಫರ್‌ನಲ್ಲಿ ಹಾಯಾಗಿದ್ದ ತಂತ್ರಾಂಶ ಈಗ ಚಟಪಟ ಸದ್ದು ಮಾಡತೊಡಗಿದರೆ ಬಫರನ್ನು ಸದ್ದು ನಿಲ್ಲುವವರೆಗೆ ಏರಿಸಿ, ಆ ಹೊಸ ಬಫರ್‌ನಲ್ಲಿ ಸೂಜಿ ಮತ್ತು ಹೆಡ್‌ಫೋನಿನ ಅಳತೆಯನ್ನು ಇನ್ನೊಮ್ಮೆ ಮಾಡಿ. ಹೋಲಿಕೆಯ ಪಟ್ಟಿಯಲ್ಲಿ ಬರೆದುಕೊಳ್ಳಬೇಕಾದ ಲೇಟೆನ್ಸಿ ಈ ಎರಡನೆಯದು.