ಸೌದೆ ಹೂತು ಮಾಡಿದ ತರಕಾರಿ ಮಡಿ

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟ. ಒಲೆಗೆ ಹಾಕಿ ಮಿಕ್ಕ ಗರಿ, ಕಾಯಿಮಟ್ಟೆ, ಬಿದ್ದ ಮರ ಎಲ್ಲವನ್ನೂ ಬೇಲಿ ಪಕ್ಕ ಸುಡುತ್ತಿದ್ದೆವು. ಮೂರು ವರ್ಷದ ಹಿಂದೆ ಸುಡೋದು ಬಿಟ್ಟು ಹೂಳಿದೆ. "ಸೌದೆನ ಯಾರಾದ್ರೂ ಹೂಳ್ತಾರೇನೋ?" ಅಂತ ಅಮ್ಮ ಬೈದಳು.

ಹೀಗೆ ಸೌದೆ ಹೂತು ಅದರ ಮೇಲೆ ಬೆಳೆ ತೆಗೆಯೋದಕ್ಕೆ ಜರ್ಮನ್‌ ಭಾಷೆಯಲ್ಲಿ ಹ್ಯೂಗಲ್‌ಕುಲ್ಟೂರ್ ಅಂತಾರೆ. ಹ್ಯೂಗಲ್ ಅಂದರೆ ದಿಬ್ಬ. ಆಸ್ಟ್ರಿಯಾದ ರೈತ ಸೆಪ್ ಹೋಲ್ಜರ್ ಎತ್ತರದ ದಿಬ್ಬಗಳನ್ನೇ ಕಟ್ಟಿದವರು. ನಮ್ಮ ಬಿಸಿಲು, ಗಾಳಿಗೆ ಅಷ್ಟು ಎತ್ತರ ಮಾಡಿದರೆ ಒಣಗಿಹೋಗುತ್ತದೆ. ಅದಕ್ಕೇ 2 ಅಡಿ ಆಳ, 4 ಅಡಿ ಅಗಲದ ಗುಂಡಿ ತೋಡಿ, ನೆಲದಿಂದ ಒಂದಡಿ ಮಾತ್ರ ಎಬ್ಬಿಸಿದೆ.

ತಳಕ್ಕೆ ತೆಂಗಿನ ಮರದ ತುಂಡು, ಅರ್ಧ ಕೊಳೆತ ಮಾವಿನ ಕೊಂಬೆ. ಸಂದಿಗೆ ಕಾಯಿಮಟ್ಟೆ. ಅದರ ಒಳಮೈ ಮೇಲಕ್ಕಿರಬೇಕು, ಆಗ ಬಟ್ಟಲಿನ ಹಾಗೆ ನೀರು ಹಿಡಿಯುತ್ತದೆ. ಮೇಲೆ ಹೊಂಗೆ ಸೊಪ್ಪು, ಗ್ಲಿರಿಸಿಡಿಯಾ ಗಿಡದ ಸೊಪ್ಪು, ಅಡುಗೆಮನೆ ಕಸ, ಕೊಟ್ಟಿಗೆ ಗೊಬ್ಬರ, ಕೊನೆಗೆ ಮಣ್ಣು. ಪ್ರತಿ ಪದರಕ್ಕೂ ಚೆನ್ನಾಗಿ ನೀರು ಕುಡಿಸಿದೆ.

ಮೊದಲ ವರ್ಷ ಬದನೆ ಹಳದಿಯಾಯಿತು. ಮರ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಆ ಸಾರಜನಕ ತುಂಬಿಕೊಡಲು ಗಂಜಲಕ್ಕೆ ಹತ್ತು ಪಾಲು ನೀರು ಬೆರೆಸಿ ಹುಯ್ದೆ, ಬದನೆ ಕಿತ್ತ ಮೇಲೆ ಅಲಸಂದೆ ಹಾಕಿದೆ. ಮಡಿ ಸುಧಾರಿಸಿತು.

ಎರಡನೇ ಬೇಸಿಗೆಯಲ್ಲಿ ಒಂದು ತುದಿ ಅಗೆದು ನೋಡಿದೆ. ಹೊರಗೆ ನೆಲ ಬಿರುಕು ಬಿಟ್ಟಿತ್ತು. ಒಳಗೆ ಮಾವಿನ ಕೊಂಬೆ ಸ್ಪಂಜಿನಂತಾಗಿತ್ತು, ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಇಳಿಯಿತು! ಮೊದಲು ದಿನಾ ನೀರು ಬೇಡುತ್ತಿದ್ದ ಮೆಣಸಿನ ಗಿಡಕ್ಕೆ ಆ ವರ್ಷ ನಾಲ್ಕು ದಿನಕ್ಕೊಮ್ಮೆ ಕೊಟ್ಟರೂ ಸಾಕಾಗಿತ್ತು.

ಆದರೆ ತೆಂಗಿನ ತುಂಡು ಒಡೆದರೆ ಒಳಗೆ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು, ಸುರುಳಿ ಸುತ್ತಿ ಮಲಗಿದ್ದವು. ತೆಂಗಿನ ಸುಳಿ ಕೊರೆಯುವ ರೈನೋಸರಸ್ ದುಂಬಿಯ ಮರಿಗಳು. ಎದೆ ಧಸಕ್ಕೆಂದಿತು. ಕೊಳೆತ ತೆಂಗಿನ ಮರ, ಗೊಬ್ಬರದ ಗುಂಡಿ ಅವಕ್ಕೆ ಹೆರಿಗೆಮನೆ ಇದ್ದಂತೆ. ಸುತ್ತ ತೆಂಗು ಇಟ್ಟುಕೊಂಡು ನಾನೇ ಅವನ್ನು ಸಾಕಿದೆನಲ್ಲಾ! ಆರಿಸಿ ಕೋಳಿಗೆ ಹಾಕಿದೆ, ಉಳಿದವಕ್ಕೆ ಹುಳು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರ ಬೆರೆಸಿದೆ. ತೆಂಗು ಬೆಳೆಯುವವರು ದಯವಿಟ್ಟು ತೆಂಗಿನ ಕಾಂಡ ಹೂಳಬೇಡಿ. ಮಾವು, ಹೊಂಗೆ, ನುಗ್ಗೆ ಕೊಂಬೆ ಸಾಕು.

ಆಮೇಲೆ ಮಾಡಿದ ಎರಡು ಮಡಿಗೆ ಅವನ್ನೇ ಹಾಕಿದ್ದೇನೆ. ಹಳೇ ಮಡಿ ಮುಕ್ಕಾಲಡಿ ಕುಸಿದಿದೆ. ಹಿಂಗಾರಿಗೆ ಮೊದಲು ಸೊಪ್ಪು, ಮಣ್ಣು ಏರಿಸಬೇಕು. ಅದರ ಮೇಲೆ ಕುಂಬಳ ಹಬ್ಬಿಸಬೇಕಂತೆ, ಅಮ್ಮ ಈಗಲೇ ಬೀಜ ಎತ್ತಿಟ್ಟಿದ್ದಾಳೆ.